ಡಿಇಎಫ್ ವ್ಯವಸ್ಥೆಯ ವಿದ್ಯುತ್ ದೋಷ: ಬಿಡಿಭಾಗ ಬದಲಿಸುವ ಮೊದಲು ತಂತಿಯನ್ನು ಪರೀಕ್ಷಿಸುವ ಕ್ರಮ

ಲೋಡರ್, ಗ್ರೇಡರ್, ಬ್ಯಾಕ್‌ಹೋಗಳಂಥ ಭಾರೀ ಯಂತ್ರಗಳಲ್ಲಿ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಅಂದರೆ ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರವ) ಎಚ್ಚರಿಕೆ ದೀಪ ಹೊತ್ತಿ, ಎಂಜಿನ್ನಿನ ಶಕ್ತಿ ತಾನಾಗಿಯೇ ಕುಸಿದಾಗ ಸೈಟಿನಲ್ಲಿ ಮೊದಲು ಕೇಳಿಬರುವ ಮಾತು ‘ಸೆನ್ಸರ್ ಹೋಗಿದೆ’ ಎಂಬುದು. ಆ ಮಾತನ್ನು ನಂಬಿ ಹತ್ತಾರು ಸಾವಿರ ರೂಪಾಯಿಯ ನಾಕ್ಸ್ ಸೆನ್ಸರನ್ನೋ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವುದು) ಡೋಸಿಂಗ್ ವಾಲ್ವನ್ನೋ (ಹೊಗೆಯೊಳಗೆ ಡಿಇಎಫ್ ಸಿಂಪಡಿಸುವುದು) ತರಿಸಿ ಹಾಕಿದ ಮೇಲೂ ಅದೇ ದೋಷದ ಕೋಡ್ ಮರಳಿ ಬಂದರೆ, ಮಾಲೀಕರ ಹಣ ಹೋದಂತೆಯೇ; ಒಮ್ಮೆ ಜೋಡಿಸಿದ ಎಲೆಕ್ಟ್ರಿಕಲ್ ಭಾಗವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನ ಕೈಗೆ ಬಂದ ಇಂಥ ಯಂತ್ರಗಳಲ್ಲಿ ಬಹುಪಾಲು ಸಲ ಸೆನ್ಸರ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅದಕ್ಕೆ ಹೋಗುವ ತಂತಿ, ಕನೆಕ್ಟರಿನ ಪಿನ್ ಅಥವಾ ಅರ್ಥಿಂಗ್. ಅದನ್ನು ಹುಡುಕುವ ಕ್ರಮವನ್ನು, ಯಾವ ಅಳತೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದರ ಸಮೇತ, ಇಲ್ಲಿ ಬರೆದಿದ್ದೇನೆ. ಮಲ್ಟಿಮೀಟರ್ ಹಿಡಿಯಲು ಬರುವ, ಆದರೆ ಈ ವ್ಯವಸ್ಥೆಯಲ್ಲಿ ಕೈ ಪಳಗಿರದ ಮೆಕ್ಯಾನಿಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಟಿಪ್ಪಣಿ ಇದು.

ವ್ಯವಸ್ಥೆಯಲ್ಲಿ ವಿದ್ಯುತ್ ಎಲ್ಲೆಲ್ಲಿದೆ

ಡಿಇಎಫ್ ಎಂದರೆ ಶೇಕಡಾ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಅಯಾನುಮುಕ್ತ ನೀರು. ಇದರ ಗುಣಮಟ್ಟವನ್ನು ಐಎಸ್‌ಒ 22241 ನಿಗದಿಪಡಿಸುತ್ತದೆ. ಬಿಸಿ ಹೊಗೆಯೊಳಗೆ ಸಿಂಪಡಿಸಿದಾಗ ಅದು ಅಮೋನಿಯಾ ಆಗಿ, ಎಸ್‌ಸಿಆರ್ ವೇಗವರ್ಧಕದ ಮೇಲೆ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರನ್ನಾಗಿ ಮಾಡುತ್ತದೆ. ನಮ್ಮ ದೇಶದಲ್ಲಿ ಚಕ್ರದ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್ 1ರಿಂದ ನಾಲ್ಕನೇ ಹಂತದ ಹೊಗೆ ನಿಯಮ, 2025ರ ಜನವರಿ 1ರಿಂದ ಐದನೇ ಹಂತದ ನಿಯಮ ಜಾರಿಗೆ ಬಂದ ಮೇಲೆ, ಈ ವ್ಯವಸ್ಥೆ ಹಳ್ಳಿಯ ಕ್ರಷರ್‌ವರೆಗೂ ತಲುಪಿದೆ.

ವಿದ್ಯುತ್ತಿನ ದೃಷ್ಟಿಯಿಂದ ನೋಡಿದರೆ ಟ್ಯಾಂಕಿನ ಮೇಲಿನ ಹೆಡರ್ ಯೂನಿಟ್‌ನಲ್ಲಿ ಮಟ್ಟ, ಉಷ್ಣತೆ ಮತ್ತು ಗುಣಮಟ್ಟ ಅಳೆಯುವ ಸೆನ್ಸರುಗಳಿವೆ. ಅಲ್ಲಿಂದ ಮುಂದೆ ಮೋಟರ್ ಮತ್ತು ಒತ್ತಡದ ಸೆನ್ಸರ್ ಇರುವ ಪಂಪ್, ಸೈಲೆನ್ಸರ್ ಬಳಿ ಡೋಸಿಂಗ್ ವಾಲ್ವ್, ವೇಗವರ್ಧಕದ ಮುಂದೆ ಮತ್ತು ಹಿಂದೆ ತಲಾ ಒಂದು ನಾಕ್ಸ್ ಸೆನ್ಸರ್, ಹೊಗೆಯ ಉಷ್ಣತೆ ಅಳೆಯುವ ಸೆನ್ಸರುಗಳು, ಜೊತೆಗೆ ಟ್ಯಾಂಕು ಮತ್ತು ಪೈಪುಗಳ ಹೀಟರುಗಳು. ಇವೆಲ್ಲ ಯಂತ್ರದ ಅತಿ ಬಿಸಿಯಾದ, ಅತಿ ಅದುರುವ, ಅತಿ ಹೆಚ್ಚು ಧೂಳು ಬೀಳುವ ಜಾಗಗಳಲ್ಲಿಯೇ ಇವೆ. ಅವುಗಳ ಪಕ್ಕದಲ್ಲಿಯೇ ತಾಮ್ರಕ್ಕೆ ಶತ್ರುವಾದ ದ್ರವವೊಂದು ಹರಿಯುತ್ತಿದೆ ಎಂಬುದನ್ನು ಮರೆಯಬಾರದು.

ಕೀ ತಿರುಗಿಸುವ ಮೊದಲು

ಹೊಗೆಯ ಮಾರ್ಗ ತಣ್ಣಗಾಗುವವರೆಗೆ ಕಾಯಿರಿ. ಪೈಪ್ ಬಿಚ್ಚುವುದಾದರೆ ಒತ್ತಡ ಇಳಿದಿದೆಯೇ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಬ್ಯಾಟರಿ ಕಟ್‌ಆಫ್ ಸ್ವಿಚ್ಚಿನ ವಿಷಯ. ಎಂಜಿನ್ ನಿಂತ ಮೇಲೆ ಪಂಪ್ ಹಿಮ್ಮುಖವಾಗಿ ತಿರುಗಿ ಪೈಪಿನಲ್ಲಿರುವ ದ್ರವವನ್ನು ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದೆರಡು ನಿಮಿಷ, ಕೆಲವು ಯಂತ್ರಗಳಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಬ್ಯಾಟರಿ ಇಳಿಯದಿರಲಿ, ಯಾರೂ ಯಂತ್ರ ಚಾಲೂ ಮಾಡದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ನಮ್ಮ ಆಪರೇಟರುಗಳು ಕೀ ತೆಗೆದ ಕೂಡಲೇ ಕಟ್‌ಆಫ್ ತಿರುಗಿಸುತ್ತಾರೆ; ಆಗ ಪಂಪ್ ಅರ್ಧಕ್ಕೇ ನಿಂತು, ಪೈಪಿನಲ್ಲಿ ಮತ್ತು ಡೋಸಿಂಗ್ ವಾಲ್ವಿನ ತುದಿಯಲ್ಲಿ ಉಳಿದ ಯೂರಿಯಾ ಹರಳುಗಟ್ಟುತ್ತದೆ. ಮರುದಿನ ಬರುವ ಒತ್ತಡದ ಕೋಡ್ ವಿದ್ಯುತ್ ದೋಷದಂತೆಯೇ ಕಾಣುತ್ತದೆ. ಆದ್ದರಿಂದ ಯಾವ ಪರೀಕ್ಷೆಗೂ ಮೊದಲು ಆಪರೇಟರನ್ನು ಕೂರಿಸಿಕೊಂಡು, ಗದರದೆ, ‘ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಏನು ಮಾಡ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳಿ. ಇತ್ತೀಚೆಗೆ ಬಕೆಟ್‌ಗೆ ವೆಲ್ಡಿಂಗ್ ಆಗಿದೆಯೇ, ಯಂತ್ರವನ್ನು ಜೋರು ನೀರಿನಲ್ಲಿ ತೊಳೆಯಲಾಗಿದೆಯೇ, ಡಿಇಎಫ್ ಎಲ್ಲಿಂದ ತಂದರು ಎಂಬುದನ್ನೂ ಕೇಳಿ. ಕಟ್‌ಆಫ್ ತಿರುಗಿಸಿ ಬ್ಯಾಟರಿ ಸಂಪರ್ಕ ತಪ್ಪಿಸದೆ, ಅರ್ಥಿಂಗ್ ಕ್ಲಾಂಪನ್ನು ವೆಲ್ಡಿಂಗ್ ಜಾಗದಿಂದ ದೂರ ಹಾಕಿ ಕೆಲಸ ಮಾಡಿದ್ದರೆ, ಆ ಕರೆಂಟ್ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರುಗಳ ಮೂಲಕ ಹಾದುಹೋಗಿರಬಹುದು.

ಕೋಡನ್ನು ಓದುವ ಬಗೆ

ಕೋಡಿನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಸ್‌ಪಿಎನ್ ಯಾವ ಭಾಗ ಎಂದು ಹೇಳಿದರೆ, ಎಫ್‌ಎಂಐ ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ. ಬಹುತೇಕ ಮಂದಿ ಮೊದಲನೆಯದನ್ನು ಮಾತ್ರ ಓದಿ ಆ ಭಾಗವನ್ನೇ ಬಿಚ್ಚುತ್ತಾರೆ. ಆದರೆ ದೋಷ ಪತ್ತೆಗೆ ಎರಡನೆಯದೇ ಹೆಚ್ಚು ಉಪಯುಕ್ತ. ಎಫ್‌ಎಂಐ 3 ಎಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಕಡಿಮೆ ಅಥವಾ ತಂತಿ ಕಡಿದಿದೆ, 6 ಎಂದರೆ ಕರೆಂಟ್ ಹೆಚ್ಚು ಅಥವಾ ಅರ್ಥಿಂಗ್‌ಗೆ ತಾಗಿದೆ. 9 ಎಂದರೆ ಕ್ಯಾನ್ (ಇಸಿಯು ಮತ್ತು ಸೆನ್ಸರುಗಳು ಮಾತನಾಡಿಕೊಳ್ಳುವ ಜೋಡಿ ತಂತಿಯ ಜಾಲ) ಸಂದೇಶ ಬರಬೇಕಾದ ವೇಗದಲ್ಲಿ ಬರುತ್ತಿಲ್ಲ. 2 ಎಂದರೆ ಬರುವ ಅಂಕಿ ಚಂಚಲವಾಗಿದೆ ಅಥವಾ ನಂಬುವಂತಿಲ್ಲ. ಎಸ್‌ಪಿಎನ್‌ಗಳಲ್ಲಿ 1761 ಟ್ಯಾಂಕಿನ ಮಟ್ಟ, 3031 ಟ್ಯಾಂಕಿನ ಉಷ್ಣತೆ, 3216 ಮುಂದಿನ ನಾಕ್ಸ್ ಸೆನ್ಸರ್, 3226 ಹಿಂದಿನ ನಾಕ್ಸ್ ಸೆನ್ಸರ್, 3363 ಟ್ಯಾಂಕ್ ಹೀಟರ್, 3364 ದ್ರವದ ಗುಣಮಟ್ಟ, 4334 ಡಿಇಎಫ್ ಒತ್ತಡ, 5394 ಡೋಸಿಂಗ್ ವಾಲ್ವ್.

ಕೋಡುಗಳನ್ನು ಅಳಿಸುವ ಮೊದಲು ಎಲ್ಲವನ್ನೂ ಬರೆದುಕೊಳ್ಳಿ. ಎಷ್ಟು ಸಲ ಬಂದಿದೆ, ಮೊದಲು ಬಂದದ್ದು ಯಾವುದು, ಈಗ ಸಕ್ರಿಯವೋ ಹಳೆಯದೋ ಎಂಬುದೂ ಬೇಕು. ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ನಾಲ್ಕೈದು ಭಾಗಗಳ ಕೋಡ್ ಒಟ್ಟಿಗೆ ಬಂದಿದ್ದರೆ ನಾಲ್ಕೈದೂ ಒಂದೇ ದಿನ ಕೆಟ್ಟಿವೆ ಎಂದು ತಿಳಿಯುವ ಅಗತ್ಯವಿಲ್ಲ. ಅವುಗಳಿಗೆ ಸಮಾನವಾಗಿರುವ ಫ್ಯೂಸ್, ರಿಲೇ, ಅರ್ಥಿಂಗ್ ಬೋಲ್ಟ್ ಅಥವಾ 5 ವೋಲ್ಟ್ ಪೂರೈಕೆ ಯಾವುದೆಂದು ವೈರಿಂಗ್ ನಕ್ಷೆಯಲ್ಲಿ ಹುಡುಕಬೇಕು. 5 ವೋಲ್ಟ್ ತಂತಿಯೊಂದನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುವಾಗ ಒಂದು ಸೆನ್ಸರ್ ಶಾರ್ಟ್ ಆದರೂ ಉಳಿದವುಗಳ ಅಂಕಿ ಕೆಡುತ್ತದೆ. ಆ ತಂತಿಯಲ್ಲಿ ಮೀಟರ್ ಇಟ್ಟು, ಸೆನ್ಸರುಗಳ ಪ್ಲಗ್ಗನ್ನು ಒಂದೊಂದಾಗಿ ಕಳಚುತ್ತ ಹೋದರೆ, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬಂತೋ ಅಲ್ಲಿಯೇ ದೋಷವಿದೆ.

ಪ್ಲಗ್ ಕಳಚಿ ನೋಡುವ ಪರೀಕ್ಷೆ

ಉಷ್ಣತೆ ಅಳೆಯುವ ಎರಡು ತಂತಿಯ ಸೆನ್ಸರಿಗೆ ಎಫ್‌ಎಂಐ 4 ಬಂದಿದೆ ಎಂದುಕೊಳ್ಳೋಣ. ಕೀ ಆನ್ ಇಟ್ಟು ಸೆನ್ಸರಿನ ಪ್ಲಗ್ ಕಳಚಿ. ಕೋಡ್ 4ರಿಂದ 3ಕ್ಕೆ ಬದಲಾದರೆ ತಂತಿಯೂ ಇಸಿಯುವೂ ಸರಿಯಾಗಿವೆ, ಶಾರ್ಟ್ ಇರುವುದು ಸೆನ್ಸರಿನೊಳಗೆ. ಕಳಚಿದ ಮೇಲೂ 4 ಆಗಿಯೇ ಉಳಿದರೆ ಸೆನ್ಸರ್ ನಿರ್ದೋಷಿ. ಸಿಗ್ನಲ್ ತಂತಿ ಎಲ್ಲೋ ಯಂತ್ರದ ಲೋಹದ ಮೈಗೆ ತಾಗಿದೆ. ಬಂದಿದ್ದೇ 3 ಆಗಿದ್ದರೆ, ಪ್ಲಗ್ ಕಳಚಿ ಹಾರ್ನೆಸ್ (ತಂತಿಗಳ ಕಟ್ಟು) ಬದಿಯ ಎರಡು ಪಿನ್‌ಗಳನ್ನು ಸಣ್ಣ ಜಂಪರ್ ತಂತಿಯಿಂದ ಸೇರಿಸಿ. ಕೋಡ್ 4ಕ್ಕೆ ತಿರುಗಿದರೆ ಹಾರ್ನೆಸ್ ಸರಿಯಿದೆ, ಸೆನ್ಸರ್ ಒಳಗೆ ಕಡಿದಿದೆ. ತಿರುಗದಿದ್ದರೆ ದಾರಿಯಲ್ಲಿ ತಂತಿ ಕಡಿದಿದೆ. ಒಂದು ರೂಪಾಯಿ ಖರ್ಚಿಲ್ಲದೆ ಐದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಾಡದೆ ಸೆನ್ಸರ್ ಆರ್ಡರ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಒತ್ತಡದ ಸೆನ್ಸರಿಗೆ ಮೂರು ತಂತಿಗಳಿರುವುದರಿಂದ ಇದೇ ಪರೀಕ್ಷೆಯನ್ನು ಹಾಗೆಯೇ ಅನ್ವಯಿಸುವಂತಿಲ್ಲ: ಪ್ಲಗ್ ಕಳಚಿದಾಗ ಕೆಲವು ಇಸಿಯುಗಳು 3 ತೋರಿಸುತ್ತವೆ, ಕೆಲವು 4 ತೋರಿಸುತ್ತವೆ. ಅಲ್ಲಿ ಮೊದಲು 5 ವೋಲ್ಟ್ ಪೂರೈಕೆ ಮತ್ತು ಅರ್ಥಿಂಗ್ ಇದೆಯೇ ನೋಡಿ, ಆಮೇಲೆ ಸಿಗ್ನಲ್ ತಂತಿಯನ್ನು ಯಂತ್ರದ ಕೈಪಿಡಿಯ ಅಂಕಿಗಳೊಡನೆ ಹೋಲಿಸಬೇಕು. 5 ವೋಲ್ಟಿನ ಈ ಸೆನ್ಸರುಗಳು ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನೊಳಗೆ ಮಾತನಾಡುತ್ತವೆ. ಅದರಾಚೆಯ ಅಂಕಿ ಒತ್ತಡದ ಸುದ್ದಿಯಲ್ಲ, ತಂತಿಯ ಸುದ್ದಿ.

ಮೀಟರ್ ತೋರಿಸುವ 24 ವೋಲ್ಟ್ ಏಕೆ ಸಾಲದು

ಚಿಕ್ಕಬಳ್ಳಾಪುರದ ಕಡೆಯ ಒಂದು ಜಲ್ಲಿ ಕ್ರಷರ್‌ನಲ್ಲಿ ಲೋಡರ್ ಒಂದಕ್ಕೆ ಡೋಸಿಂಗ್ ವಾಲ್ವಿನ ಕೋಡ್, 5394ರ ಜೊತೆ ಎಫ್‌ಎಂಐ 5, ಬಂದು ಹೋಗುತ್ತಿತ್ತು. ಬೆಳಗ್ಗೆ ತಣ್ಣಗಿರುವಾಗ ಏನೂ ಇಲ್ಲ. ಹತ್ತು ಗಂಟೆಯ ಮೇಲೆ, ಬಕೆಟ್ ಜಲ್ಲಿ ರಾಶಿಗೆ ನುಗ್ಗುವ ಹೊತ್ತಿಗೆ ದೀಪ ಹೊತ್ತಿ ಎಂಜಿನ್ ಸೊರಗುತ್ತಿತ್ತು. ನಾನು ಹೋಗುವ ಮೊದಲೇ ವಾಲ್ವ್ ಎರಡು ಸಲ ಬದಲಾಗಿತ್ತು. ಕಂಟಿನ್ಯುಟಿ ನೋಡಿದರೆ ಬೀಪ್ ಶಬ್ದ ಬರುತ್ತಿತ್ತು, ಓಮ್ ಅಳತೆ ಒಂದಕ್ಕಿಂತ ಕಡಿಮೆ. ಕನೆಕ್ಟರ್ ಹೊರಗಿನಿಂದ ಹೊಸದರಂತೆ ಇತ್ತು. ಎರಡೂ ತುದಿಯ ಪ್ಲಗ್ ಕಳಚಿ, ಆ ತಂತಿಯೊಂದರ ಮೂಲಕವೇ ಬ್ಯಾಟರಿಯಿಂದ 24 ವೋಲ್ಟ್, 21 ವ್ಯಾಟಿನ ಬಲ್ಬೊಂದನ್ನು ಉರಿಸಲು ಹೋದಾಗ ಬಲ್ಬ್ ಮಂಕಾಗಿ ಕೆಂಪಗಾಯಿತು. ಹಾರ್ನೆಸ್ ಅಲುಗಾಡಿಸಿದರೆ ಆರಿಯೇ ಹೋಯಿತು.

ಕನೆಕ್ಟರಿನಿಂದ ಒಂದು ಗೇಣು ಹಿಂದೆ ತಂತಿ ಮುಟ್ಟಿದರೆ ಒಳಗೆ ಮರಳು ತುಂಬಿದಂತೆ ಗಟ್ಟಿ. ಹೊದಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಬಿಳಿ ಪುಡಿ ಉದುರಿತು. ಅದರೊಳಗೆ ತಾಮ್ರದ ಎಳೆಗಳು ನೀಲಿ ಹಸಿರಾಗಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವಷ್ಟು ಸತ್ತಿದ್ದವು. ಹೊಳಪು ಉಳಿದಿದ್ದು ಎರಡೇ ಎಳೆಯಲ್ಲಿ.

ಆದದ್ದು ಇಷ್ಟು. ವಾಲ್ವಿನ ಬುಡದಲ್ಲಿ ಜಿನುಗಿದ ಡಿಇಎಫ್ ಸೀಲ್ ದಾಟಿ ಪಿನ್ನಿಗೆ ತಲುಪಿ, ದೀಪದ ಬತ್ತಿ ಎಣ್ಣೆ ಹೀರುವಂತೆ ತಂತಿಯ ಎಳೆಗಳ ನಡುವಿನಿಂದ ಹೊದಿಕೆಯೊಳಗೇ ಹಿಂದಕ್ಕೆ ಏರಿತ್ತು. ನೀರು ಆರಿ ಯೂರಿಯಾ ಹರಳುಗಟ್ಟುವುದು, ಅಮೋನಿಯಾ ತಾಮ್ರವನ್ನು ತಿನ್ನುವುದು, ಎರಡೂ ಹೊರಗೆ ಏನೂ ಕಾಣದಂತೆ ನಡೆಯುತ್ತವೆ. ವಾಲ್ವ್ ಬದಲಿಸಿದವರು ಹೊಸ ವಾಲ್ವನ್ನು ಅದೇ ಸತ್ತ ತಂತಿಗೆ ಜೋಡಿಸಿದ್ದರು. ಡಿಜಿಟಲ್ ಮಲ್ಟಿಮೀಟರ್ ತಂತಿಯಲ್ಲಿ ಹರಿಸುವ ಕರೆಂಟ್ ಅತ್ಯಲ್ಪ. ಅಷ್ಟಕ್ಕೆ ಒಂದೇ ಎಳೆಯಿದ್ದರೂ ಸಾಕಾದ್ದರಿಂದ ಅದು 24 ವೋಲ್ಟ್ ಪೂರ್ತಿ ತೋರಿಸುತ್ತದೆ. ಬಲ್ಬ್ ಆದರೋ ಸುಮಾರು 0.9 ಆಂಪಿಯರ್ ಕೇಳುತ್ತದೆ, ಆಗ ತಂತಿಯ ನಿಜ ಸ್ಥಿತಿ ಹೊರಬೀಳುತ್ತದೆ. ಒಂದು ಎಚ್ಚರಿಕೆ: ಈ ಬಲ್ಬ್ ಪರೀಕ್ಷೆ ಎರಡೂ ತುದಿ ಕಳಚಿದ ತಂತಿಗೆ ಮಾತ್ರ. ಇಸಿಯುವಿಗೆ ಜೋಡಿಸಿರುವ ಸಿಗ್ನಲ್ ಅಥವಾ ಕ್ಯಾನ್ ತಂತಿಗೆ ಬಲ್ಬ್ ಹಿಡಿದರೆ ಇಸಿಯುವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಬಿಚ್ಚದೆ ನೋಡುವ ದಾರಿ ವೋಲ್ಟೇಜ್ ಇಳಿಕೆಯ ಅಳತೆ. ಭಾಗ ಕೆಲಸ ಮಾಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಆ ಭಾಗದ ಅರ್ಥಿಂಗ್ ಪಿನ್ನಿಗೂ ಇಡಿ. ಅಲ್ಲಿ 0.2 ವೋಲ್ಟ್ ದಾಟಿದರೆ ನಾನು ಅರ್ಥಿಂಗ್ ದಾರಿಯನ್ನು ಅನುಮಾನಿಸುತ್ತೇನೆ. ಧನ ಬದಿಯಲ್ಲಿ ಅರ್ಧ ವೋಲ್ಟಿನವರೆಗೆ ಒಪ್ಪುತ್ತೇನೆ. ಪಿನ್ನಿಗೆ ಹಿಂಬದಿಯಿಂದ ತೆಳು ಕಡ್ಡಿ ತೂರಿಸಿ ಅಳೆಯಿರಿ. ಸೂಜಿಯಿಂದ ತಂತಿಯ ಹೊದಿಕೆಯನ್ನು ಚುಚ್ಚಿ ಅಳೆಯುವ ರೂಢಿಯನ್ನು ದಯವಿಟ್ಟು ಬಿಡಿ. ಅದೇ ತೂತಿನಿಂದ ಮುಂದಿನ ಮಳೆಗಾಲದ ನೀರು ಒಳಗಿಳಿಯುತ್ತದೆ.

ಕ್ಯಾನ್ ತಂತಿ ಮತ್ತು ನಾಕ್ಸ್ ಸೆನ್ಸರ್

ನಾಕ್ಸ್ ಸೆನ್ಸರಿಗೆ ಪೂರೈಕೆ, ಅರ್ಥಿಂಗ್, ಕ್ಯಾನ್ ಹೈ, ಕ್ಯಾನ್ ಲೋ ಎಂಬ ನಾಲ್ಕು ತಂತಿಗಳು ಮುಖ್ಯ. ಅದು ವೋಲ್ಟೇಜಿನಲ್ಲಿ ಅಲ್ಲ, ಸಂದೇಶಗಳಲ್ಲಿ ಮಾತನಾಡುತ್ತದೆ. ಹೀಗಾಗಿ ಎಫ್‌ಎಂಐ 9 ಬಂದರೆ ಮೊದಲ ಪ್ರಶ್ನೆ ಸೆನ್ಸರಿಗೆ ಊಟ ಸಿಗುತ್ತಿದೆಯೇ ಎಂಬುದು: ಹಾರ್ನೆಸ್ ಬದಿಯ ಪೂರೈಕೆ ಮತ್ತು ಅರ್ಥಿಂಗ್ ತಂತಿಗಳನ್ನು ಮೇಲಿನಂತೆ ಬಲ್ಬ್ ಹಾಕಿಯೇ ನೋಡಿ, ಏಕೆಂದರೆ ಸೆನ್ಸರಿನ ಒಳಗಿನ ಹೀಟರ್ ಸೆರಾಮಿಕ್ ಭಾಗವನ್ನು ಏಳೆಂಟು ನೂರು ಡಿಗ್ರಿಗೆ ಕಾಯಿಸಲು ಸಾಕಷ್ಟು ಕರೆಂಟ್ ಎಳೆಯುತ್ತದೆ. ಕೀ ಆನ್ ಮಾಡಿದಾಗ ಸರಿಯಿದ್ದು, ಹೀಟರ್ ಚಾಲೂ ಆದ ಕ್ಷಣದಲ್ಲಿ ಸಂದೇಶ ನಿಂತರೆ ಸೆನ್ಸರಿಗಿಂತ ಪೂರೈಕೆಯ ತಂತಿಯನ್ನೇ ಮೊದಲು ಅನುಮಾನಿಸಬೇಕು. ಹೊಗೆ ಪೈಪಿನಲ್ಲಿ ತೇವಾಂಶ ಆರುವವರೆಗೆ ಹೀಟರ್ ಚಾಲೂ ಆಗುವುದಿಲ್ಲ, ಅಲ್ಲಿಯವರೆಗೆ ಸೆನ್ಸರ್ ಅಂಕಿ ಕೊಡುವುದೂ ಇಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಅಂಕಿ ಬರಲಿಲ್ಲವೆಂದು ಸೆನ್ಸರ್ ಸತ್ತಿದೆ ಎನ್ನಬಾರದು.

ಕ್ಯಾನ್ ಜೋಡಿಯನ್ನು ಪರೀಕ್ಷಿಸಲು ಕೀ ತೆಗೆದು, ಪಂಪಿನ ಹಿಮ್ಮುಖ ಕೆಲಸ ಮುಗಿದ ಮೇಲೆ ಕಟ್‌ಆಫ್ ತಿರುಗಿಸಿ, ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಕನೆಕ್ಟರಿನ ಸಿ ಮತ್ತು ಡಿ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಎರಡು ತುದಿಗಳಲ್ಲಿ ತಲಾ 120 ಓಮ್ ಇರುವುದರಿಂದ ಅಳತೆ 60ರ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ತಪ್ಪಿಹೋಗಿದೆ ಅಥವಾ ತಂತಿ ನಡುವೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೆಯ 120 ಓಮ್ ಸೇರಿಸಿದ್ದಾರೆ. ಹೊಗೆ ವ್ಯವಸ್ಥೆಗೆ ಬೇರೆಯೇ ಕ್ಯಾನ್ ಜಾಲ ಇರುವ ಯಂತ್ರಗಳೂ ಇವೆ. ಅಲ್ಲಿ ಈ ಅಳತೆಯನ್ನು ನಾಕ್ಸ್ ಸೆನ್ಸರಿನ ಕನೆಕ್ಟರಿನಲ್ಲಿಯೇ ಮಾಡಬೇಕು. ಕೀ ಆನ್ ಇದ್ದಾಗ ಅರ್ಥಿಂಗ್‌ಗೆ ಹೋಲಿಸಿದರೆ ಕ್ಯಾನ್ ಹೈ ಎರಡೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ, ಕ್ಯಾನ್ ಲೋ ಸ್ವಲ್ಪ ಕೆಳಗೆ ಇರಬೇಕು.

ಸೆಕೆಂಡ್‌ಹ್ಯಾಂಡ್ ಯಂತ್ರಗಳಲ್ಲಿ ಇನ್ನೊಂದನ್ನು ಹುಡುಕಿ. ಡಿಇಎಫ್ ಇಲ್ಲದೆಯೇ ಎಲ್ಲ ಸರಿಯಿದೆ ಎಂದು ಇಸಿಯುವನ್ನು ನಂಬಿಸುವ ಬೈಪಾಸ್ ಪೆಟ್ಟಿಗೆಯನ್ನು ಕೆಲವರು ಡ್ಯಾಶ್‌ಬೋರ್ಡಿನ ಹಿಂದೆ ಕ್ಯಾನ್ ತಂತಿಗೆ ಸುತ್ತಿ ಟೇಪ್ ಅಂಟಿಸಿರುತ್ತಾರೆ. ಹೊಗೆಯ ನಿಯಮ ಮುರಿಯುವುದಲ್ಲದೆ, ಅದರ ಸಡಿಲ ಜೋಡಣೆಯೇ ಹಲವು ಕೋಡುಗಳ ಮೂಲವಾಗಿರುತ್ತದೆ. ಪೆಟ್ಟಿಗೆ ತೆಗೆದು ಮೂಲ ತಂತಿಯನ್ನು ಸರಿಯಾಗಿ ಜೋಡಿಸದೆ ಮುಂದಿನ ಪತ್ತೆ ವ್ಯರ್ಥ.

ಹೀಟರ್, ಡೋಸಿಂಗ್ ವಾಲ್ವ್, ಗುಣಮಟ್ಟ

ಡಿಇಎಫ್ ಹೆಪ್ಪುಗಟ್ಟುವುದು ಸೊನ್ನೆಗಿಂತ 11 ಡಿಗ್ರಿ ಕೆಳಗೆ. ಬಳ್ಳಾರಿಯ ಬಿಸಿಲಿನಲ್ಲಿ ಹೀಟರ್ ಏಕೆ ಎಂದು ಕೇಳುವುದು ಸಹಜ. ಆದರೆ ಹೊರಗಿನ ಹವೆ ಹೇಗಿದ್ದರೂ ಹೀಟರಿನ ತಂತಿ ಕಡಿದಿದೆಯೇ ಎಂದು ಇಸಿಯು ಪರೀಕ್ಷಿಸುತ್ತಲೇ ಇರುತ್ತದೆ. ನಮ್ಮಲ್ಲಿ ಹೀಟರ್ ಬೇಡವೆಂದು ಅದರ ಪ್ಲಗ್ ಕಳಚಿಟ್ಟರೂ, ಫ್ಯೂಸ್ ತೆಗೆದರೂ ಕೋಡ್ ಬರುತ್ತದೆ. ಮೊದಲು ಫ್ಯೂಸ್ ಮತ್ತು ರಿಲೇ ನೋಡಿ, ಆಮೇಲೆ ಪೈಪಿನ ಬಾಗುವ ಜಾಗಗಳಲ್ಲಿ ಹೀಟರ್ ತಂತಿ ಮುರಿದಿದೆಯೇ ನೋಡಿ.

ಡೋಸಿಂಗ್ ವಾಲ್ವಿನ ಕಾಯಿಲ್ ಓಮ್ ಅಳತೆಯನ್ನು ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ತೆಗೆದು ಕೈಪಿಡಿಯ ಅಂಕಿಗೆ ಹೋಲಿಸಬೇಕು. ಬಿಸಿಯಾದಾಗ ಮಾತ್ರ ಕಡಿಯುವ ಕಾಯಿಲ್‌ಗಳಿವೆ. ಅನೇಕ ಯಂತ್ರಗಳಲ್ಲಿ ಈ ವಾಲ್ವನ್ನು ಎಂಜಿನ್ನಿನ ಕೂಲಂಟ್ ತಂಪಾಗಿಡುತ್ತದೆ. ಕೂಲಂಟ್ ಕಡಿಮೆಯಾಗಿದ್ದರೆ ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಹೊಸ ವಾಲ್ವ್ ಕೂಡ ಬೆಂದುಹೋಗುತ್ತದೆ.

3364ರ ಗುಣಮಟ್ಟದ ಕೋಡ್ ಬಂದಾಗ ತಂತಿ ಹಿಡಿಯುವ ಮೊದಲು ದ್ರವವನ್ನೇ ರಿಫ್ರ್ಯಾಕ್ಟೋಮೀಟರಿನಲ್ಲಿ (ದ್ರವದಲ್ಲಿ ಯೂರಿಯಾ ಎಷ್ಟಿದೆ ಎಂದು ತೋರಿಸುವ ಸಾಧನ) ನೋಡಿ. ಟ್ಯಾಂಕ್ ತುಂಬಿದ ಕೂಡಲೇ ಬಂದ ಕೋಡ್ ಗಾಳಿಗುಳ್ಳೆಗಳಿಂದಲೂ ಬಂದಿರಬಹುದು. ಶಬ್ದತರಂಗದಿಂದ ಅಳೆಯುವ ಸೆನ್ಸರುಗಳಿಗೆ ಗುಳ್ಳೆ ಅಡ್ಡಿ. ರೈತರಿಗೆ ಕೊಡುವ ಯೂರಿಯಾವನ್ನು 2015ರಿಂದ ಪೂರ್ತಿಯಾಗಿ ಬೇವಿನೆಣ್ಣೆ ಲೇಪಿಸಿಯೇ ಮಾರುವುದರಿಂದ, ಅದನ್ನು ನೀರಿನಲ್ಲಿ ಕದಡಿ ತಯಾರಿಸಿದ ದ್ರವ ಸೆನ್ಸರನ್ನೂ ಫಿಲ್ಟರನ್ನೂ ವೇಗವರ್ಧಕವನ್ನೂ ಒಟ್ಟಿಗೆ ಕೆಡಿಸುತ್ತದೆ. ಅಂಥ ಟ್ಯಾಂಕನ್ನು ಖಾಲಿ ಮಾಡಿ ಅಯಾನುಮುಕ್ತ ನೀರಿನಿಂದ ತೊಳೆಯದೆ ವಿದ್ಯುತ್ ಪರೀಕ್ಷೆಗೆ ಅರ್ಥವಿಲ್ಲ.

ದುರಸ್ತಿ ಮತ್ತು ಖಾತ್ರಿ

ಹರಳುಗಟ್ಟಿದ ಕನೆಕ್ಟರಿಗೆ ನೇರವಾಗಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಪ್ರಯೋಜನ ಕಡಿಮೆ. ಯೂರಿಯಾ ಕರಗುವುದು ನೀರಿನಲ್ಲಿ. ಉಗುರುಬೆಚ್ಚಗಿನ ಅಯಾನುಮುಕ್ತ ನೀರು ಹಾಕಿ ಮೆತ್ತನೆಯ ಬ್ರಷ್‌ನಿಂದ ತೊಳೆದು, ಕಡಿಮೆ ಒತ್ತಡದ ಗಾಳಿಯಿಂದ ಪೂರ್ತಿ ಒಣಗಿಸಿ, ಆಮೇಲೆ ಕ್ಲೀನರ್ ಬಳಸಿ. ಹೆಣ್ಣು ಪಿನ್ನಿಗೆ ಅದೇ ಅಳತೆಯ ಒಂಟಿ ಗಂಡು ಪಿನ್ ತೂರಿಸಿ ಎಳೆದು ನೋಡಿ: ಬಿಗಿಯಾಗಿ ಹಿಡಿದು ಬಿಡಬೇಕು. ಸಲೀಸಾಗಿ ಜಾರಿಬಂದರೆ ಆ ಪಿನ್ ಬದಲಿಸಿ. ತಂತಿಯನ್ನು ಕತ್ತರಿಸುವಾಗ ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಹೋಗಲೇಬೇಕು. ಮೇಲೆ ಹೇಳಿದ ಲೋಡರಿನಲ್ಲಿ ಅದು ಒಂದು ಮೊಳಕ್ಕಿಂತ ಉದ್ದವಾಯಿತು. ಸರಿಯಾದ ಕ್ರಿಂಪ್ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಹಾರ್ನೆಸ್ ಅದುರದಂತೆ, ಸೈಲೆನ್ಸರಿಗೆ ತಾಗದಂತೆ ಕಟ್ಟಿ. ಜಿನುಗು ಎಲ್ಲಿಂದ ಬಂತೋ ಆ ಸೀಲ್ ಬದಲಿಸದಿದ್ದರೆ ಹೊಸ ತಂತಿಗೂ ಅದೇ ಗತಿ.

ನಂತರ ಕೋಡ್ ಅಳಿಸಿ, ಸ್ಕ್ಯಾನರಿನಿಂದ ಡೋಸಿಂಗ್ ಪರೀಕ್ಷೆ ನಡೆಸಿ, ಒತ್ತಡ ಕಟ್ಟುತ್ತದೆಯೇ, ನಿಲ್ಲುತ್ತದೆಯೇ ನೋಡಿ. ಶಕ್ತಿ ಕಡಿತ ಕೆಲವು ಯಂತ್ರಗಳಲ್ಲಿ ಕೋಡ್ ಅಳಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಹೊಗೆ ಬಿಸಿಯಾಗಿ, ಹಿಂದಿನ ನಾಕ್ಸ್ ಸೆನ್ಸರಿನ ಅಂಕಿ ಇಳಿದದ್ದನ್ನು ಇಸಿಯು ತಾನೇ ಕಂಡ ಮೇಲಷ್ಟೇ ಬಿಡುತ್ತದೆ. ಆದ್ದರಿಂದ ಯಂತ್ರವನ್ನು ಶೆಡ್ಡಿನಲ್ಲಿ ನಿಲ್ಲಿಸಿ ಒಪ್ಪಿಸಬೇಡಿ. ಆ ಲೋಡರನ್ನು ನಾವು ಮಧ್ಯಾಹ್ನ ಊಟದ ನಂತರ ಜಲ್ಲಿ ರಾಶಿಗೇ ಕಳಿಸಿ, ಸಂಜೆ ಐದರವರೆಗೆ ದುಡಿಸಿ, ಆಪರೇಟರ್ ಕೀ ತೆಗೆದ ಮೇಲೆ ಪಂಪಿನ ಸದ್ದು ಪೂರ್ತಿ ನಿಂತದ್ದನ್ನು ಕಿವಿಗೊಟ್ಟು ಕೇಳಿ, ಕಟ್‌ಆಫ್ ತಿರುಗಿಸಿದೆವು. ಮರುದಿನ ಬೆಳಗ್ಗೆ ಸ್ಕ್ಯಾನರ್ ಹಾಕಿದಾಗ 5394 ಹಳೆಯ ಕೋಡುಗಳ ಪಟ್ಟಿಯಲ್ಲಿಯೂ ಇರಲಿಲ್ಲ.